ಕೂಗಿ ಸಿಕ್ಕಿಬೀಳುವ ಹಕ್ಕಿ

ಹೆದ್ದಾರಿ ಬದಿಯ ಮಿಲಿಟರಿ ಹೋಟೆಲುಗಳ ಬೋರ್ಡಿನಲ್ಲಿ ಈಗ ನಾಟಿಕೋಳಿ ಸಾರು, ಮಟನ್ ಚಾಪ್ಸ್‌ಗಳ ಕೆಳಗೆ 'ಕ್ವೇಲ್ ಫ್ರೈ' ಎಂಬ ಸಾಲೂ ಇರುತ್ತದೆ. ತಟ್ಟೆಗೆ ಬರುವುದು ಅಂಗೈಯಗಲದ ಒಂದು ಹಕ್ಕಿ. ಮುಂಗಾರಿನ ಮೊದಲ ಹದಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ, ಅದೇ ಹೆದ್ದಾರಿಯ ಬೇಲಿಯಾಚೆಗಿನ ಬೀಳಿನಲ್ಲಿ ಬೆಳಗಿನ ಜಾವ 'ವಿಟ್-ವಿಟ್, ವಿಟ್-ವಿಟ್' ಎಂದು ಎರಡೆರಡೇ ಸಲ ಕೂಗುವುದೂ ಹೆಚ್ಚುಕಡಿಮೆ ಅಂಥದೇ ಹಕ್ಕಿ. ಎರಡೂ ಲಾವಕ್ಕಿಗಳು. ಎರಡೂ ಕೊಟರ್ನಿಕ್ಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಮೊದಲನೆಯದನ್ನು ತಿಂದರೆ ಬಿಲ್ಲು ಬರುತ್ತದೆ, ಎರಡನೆಯದನ್ನು ಹಿಡಿದರೆ ಅರಣ್ಯ ಇಲಾಖೆ ಬರುತ್ತದೆ.

ಈ ಕುಲದ ಹಕ್ಕಿಗಳನ್ನು ನೋಡಿ ಬೇರೆ ಮಾಡುವುದು ಪಕ್ಷಿವೀಕ್ಷಣೆಯಲ್ಲಿ ಪಳಗಿದವರಿಗೂ ಕಷ್ಟ. ಮೈಯೆಲ್ಲ ಒಣಹುಲ್ಲಿನ ಬಣ್ಣ, ಬೆನ್ನಿನ ಮೇಲೆ ಮಾಸಲು ಹಳದಿಯ ಉದ್ದ ಗೀರು, ಗಿಡ್ಡ ಬಾಲ, ದುಂಡು ಮೈ. ನೆಲದ ಮೇಲೆ ಬಾಳುವ, ನರಿ, ಮುಂಗುಸಿ, ಹಾವು, ಸೆಳೆವಕ್ಕಿ ಎಲ್ಲರಿಗೂ ಬೇಕಾದ ಈ ಜೀವಕ್ಕೆ ಕಣ್ಣಿಗೆ ಬೀಳದಿರುವುದೇ ರಕ್ಷೆ. ಕಾಲಡಿಗೆ ಬರುವ ತನಕ ಕದಲುವುದಿಲ್ಲ. ಆಮೇಲೆ ಒಮ್ಮೆಲೇ 'ಬರ್ರ್' ಎಂದೆದ್ದು ಸೊಂಟದೆತ್ತರದಲ್ಲಿ ಸ್ವಲ್ಪ ದೂರ ಹಾರಿ ಮತ್ತೆ ಹುಲ್ಲಿನೊಳಗೆ ಇಳಿದುಬಿಡುತ್ತದೆ. ಆದರೆ ಇಷ್ಟು ಚೆನ್ನಾಗಿ ಅಡಗಿದ ಗಂಡು ಹೆಣ್ಣಿಗೆ ತನ್ನ ಇರವನ್ನು ತಿಳಿಸುವುದು ಹೇಗೆ? ಕೂಗಿಯೇ ತಿಳಿಸಬೇಕು. ಹಾಗಾಗಿ ಲಾವಕ್ಕಿಯ ಪ್ರಭೇದಗಳ ನಡುವಿನ ಗೆರೆ ಇರುವುದು ದನಿಯಲ್ಲಿ. ಮನುಷ್ಯ ಈ ಹಕ್ಕಿಯನ್ನು ಹಿಡಿದದ್ದು, ಸಾಕಿದ್ದು, ಪಂಜರದಲ್ಲಿಟ್ಟು ಮೆರೆಸಿದ್ದು, ಕೊನೆಗೆ ಪ್ರಯೋಗಾಲಯದ ಮೇಜಿನ ಮೇಲೆ ಇಟ್ಟದ್ದು ಬಹುಮಟ್ಟಿಗೆ ಆ ದನಿಯ ಜಾಡು ಹಿಡಿದೇ.

ಮೊದಲು ನೆರೆಹೊರೆಯವರನ್ನು ಸ್ವಲ್ಪ ಪಕ್ಕಕ್ಕೆ ಇಡೋಣ. ಕುರುಚಲು ಕಾಡಿನ ದಾರಿಯಲ್ಲಿ ಗುಂಪುಗುಂಪಾಗಿ ಓಡಾಡುವ ಪೊದೆ ಲಾವಕ್ಕಿಗಳು ಪರ್ಡಿಕ್ಯುಲಾ ಎಂಬ ಬೇರೊಂದು ಕುಲದವು. ಬೆದರಿದಾಗ ಒಂದೊಂದು ಒಂದೊಂದು ದಿಕ್ಕಿಗೆ ಸಿಡಿಯುವ ಅವುಗಳ ಅಭ್ಯಾಸ ನೋಡಿದರೆ ಗುರುತು ಸಿಗುತ್ತದೆ. ಇನ್ನು ಟರ್ನಿಕ್ಸ್ ಕುಲದ ಹಕ್ಕಿಗಳು ರೂಪದಲ್ಲಿ ಲಾವಕ್ಕಿಗಳೇ ಸರಿ, ನೆಂಟಸ್ತಿಕೆಯಲ್ಲಿ ಮಾತ್ರ ಕಡಲಕ್ಕಿ, ಟಿಟ್ಟಿಭಗಳ ಕಡೆಯವು. ಅವಕ್ಕೆ ಹಿಂಬೆರಳಿಲ್ಲ. ಅಲ್ಲಿ ಗುಟುರು ಹಾಕುವುದು ಹೆಣ್ಣು, ಮೊಟ್ಟೆಗೆ ಕಾವು ಕೊಟ್ಟು ಮರಿ ನೋಡಿಕೊಳ್ಳುವುದು ಗಂಡು. ಗೌಜಲು ಎಂದು ಕೆಲವು ಕಡೆ ಇವನ್ನೆಲ್ಲ ಒಟ್ಟಾಗಿ ಕರೆಯುವುದುಂಟು, ಆದರೆ ಗೌಜಲಹಕ್ಕಿ ಇವೆಲ್ಲಕ್ಕಿಂತ ದೊಡ್ಡದು, ಅದರ ಕುಲವೇ ಬೇರೆ. ಹಿಂದೆ ಕೊಟರ್ನಿಕ್ಸ್ ಎಂದೇ ಎಣಿಸುತ್ತಿದ್ದ ಆಸ್ಟ್ರೇಲಿಯದ ಕಂದು ಲಾವಕ್ಕಿಯನ್ನೂ ನಮ್ಮಲ್ಲೂ ಇರುವ ನೀಲಿ ಎದೆಯ ಚಿಕ್ಕ ಲಾವಕ್ಕಿಯನ್ನೂ ಈಚಿನ ಪಟ್ಟಿಗಳು ಸಿನೋಯಿಕಸ್ ಕುಲಕ್ಕೆ ಕಳಿಸಿವೆ. ಹೀಗೆ ಸೋಸಿದ ಮೇಲೆ ಕೊಟರ್ನಿಕ್ಸ್‌ನಲ್ಲಿ ಉಳಿಯುವುದು ಬದುಕಿರುವ ಐದು ಪ್ರಭೇದಗಳು, ಮನುಷ್ಯನ ಕಣ್ಣೆದುರೇ ಅಳಿದ ಒಂದು, ಮೂಳೆಗಳಾಗಿ ಮಾತ್ರ ಸಿಕ್ಕಿರುವ ಇನ್ನು ಕೆಲವು.

ನಮ್ಮ ಹೊಲದ್ದು ಕೊಟರ್ನಿಕ್ಸ್ ಕೋರಮಂಡೆಲಿಕಾ. ಹೆಸರಿನಲ್ಲೇ ಚೋಳಮಂಡಲ ತೀರವಿದೆ. ಫ್ರೆಂಚ್ ಪ್ರವಾಸಿ ಪಿಯೆರ್ ಸೊನೆರಾ ತನ್ನ 1782ರ ಪುಸ್ತಕದಲ್ಲಿ ಜಿಂಜಿಯ ಪುಟ್ಟ ಲಾವಕ್ಕಿ ಎಂದು ಬಣ್ಣಿಸಿದ್ದ ಹಕ್ಕಿಗೆ ಜರ್ಮನ್ ನಿಸರ್ಗವಿಜ್ಞಾನಿ ಗ್ಮೆಲಿನ್ 1789ರಲ್ಲಿ ಈ ಲ್ಯಾಟಿನ್ ಹೆಸರು ಕೊಟ್ಟ. ಮಳೆ ಲಾವಕ್ಕಿ ಎನ್ನುವುದು ಇದಕ್ಕೆ ಒಪ್ಪುವ ಹೆಸರು, ಏಕೆಂದರೆ ಇದರ ಬದುಕು ಮುಂಗಾರಿನ ಬೆನ್ನು ಹತ್ತಿ ಹೋಗುತ್ತದೆ. ಮಳೆ ಬಂದು ಹುಲ್ಲು ಎದ್ದ ಕಡೆ ಹಕ್ಕಿ ಬರುತ್ತದೆ. ಹೋದ ವರ್ಷ ದಂಡಿಯಾಗಿದ್ದ ಊರಿನಲ್ಲಿ ಮಳೆ ಕೈಕೊಟ್ಟ ವರ್ಷ ಒಂದು ಕೂಗೂ ಕೇಳದಿರಬಹುದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮುಖ್ಯವಾಗಿ ಮರಿ ಮಾಡುವ ಕಾಲ. ಪೈರಿನ ನಡುವೆಯೋ ಹುಲ್ಲಿನ ಬುಡದಲ್ಲೋ ನೆಲ ಕೆದರಿ ಆರರಿಂದ ಎಂಟು ಮೊಟ್ಟೆ ಇಡುತ್ತದೆ. ಹೆಣ್ಣೊಂದೇ ಕಾವು ಕೂರುತ್ತದೆ, ಹದಿನಾರು-ಹದಿನೆಂಟು ದಿನಕ್ಕೆ ಮರಿ. ತೂಕ 70 ಗ್ರಾಂ ಆಸುಪಾಸು. ಗಂಡಿನ ಎದೆಯ ಮೇಲೆ ಕಪ್ಪು ಮಚ್ಚೆ ಇರುತ್ತದೆ, ಹೆಣ್ಣಿಗೆ ಅದೂ ಇಲ್ಲ.

ಚಳಿಗಾಲಕ್ಕೆ ಉತ್ತರದಿಂದ ಬರುವ ಸಾಮಾನ್ಯ ಲಾವಕ್ಕಿಯ ಹೆಣ್ಣಿಗೂ ಮಳೆ ಲಾವಕ್ಕಿಯ ಹೆಣ್ಣಿಗೂ ವ್ಯತ್ಯಾಸ ಹೇಳಬೇಕಾದರೆ ಹಕ್ಕಿ ಕೈಯಲ್ಲಿರಬೇಕು, ರೆಕ್ಕೆ ಬಿಚ್ಚಿ ನೋಡಬೇಕು. ರೆಕ್ಕೆಯಂಚಿನ ಉದ್ದ ಗರಿಗಳ ಮೇಲೆ ಮಾಸಲು ಅಡ್ಡಪಟ್ಟೆ ಇದ್ದರೆ ಸಾಮಾನ್ಯ ಲಾವಕ್ಕಿ. ಪಟ್ಟೆಯಿಲ್ಲದ ಬೋಳು ಕಂದು ಇದ್ದರೆ ಮಳೆ ಲಾವಕ್ಕಿ. ಈ ಗರಿಯ ಗುರುತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಾಮಾನ್ಯ ಎಂಬ ವಿಶೇಷಣ ಹೊತ್ತ ಕೊಟರ್ನಿಕ್ಸ್ ಕೊಟರ್ನಿಕ್ಸ್ ಈ ಕುಲದಲ್ಲೇ ಅಸಾಮಾನ್ಯ ಹಕ್ಕಿ. ಕೋಳಿ, ನವಿಲು, ಕಾಡುಕೋಳಿಗಳ ಬಳಗದಲ್ಲಿ ಹುಟ್ಟಿಯೂ ಸಮುದ್ರ ದಾಟುತ್ತದೆ. ಯುರೋಪಿನ ಗೋಧಿ ಹೊಲಗಳಲ್ಲಿ ಬೇಸಿಗೆ ಕಳೆದು, ರಾತ್ರಿಯ ಹೊತ್ತು ಮೆಡಿಟರೇನಿಯನ್ ಹಾರಿ, ಸಹಾರಾ ಮರುಭೂಮಿಯ ಆಚೆ ಚಳಿಗಾಲ ಕಳೆಯುತ್ತದೆ. ಏಷ್ಯಾದ ಕಡೆಯವು ಭಾರತಕ್ಕೆ ಇಳಿಯುತ್ತವೆ. ನೂರು ಗ್ರಾಂ ಸುಮಾರಿನ ಮೈ. ನಮ್ಮ ಹೊಲದಲ್ಲಿ ಎಬ್ಬಿಸಿದರೆ ನೂರು ಮಾರು ಹಾರಲು ಒಲ್ಲದ ಹಕ್ಕಿ! ಬೆಳವಣಿಗೆಯ ವೇಗವೂ ಹಾಗೆಯೇ. ಉತ್ತರ ಆಫ್ರಿಕದಲ್ಲಿ ವಸಂತದ ಆರಂಭದಲ್ಲಿ ಹುಟ್ಟಿದ ಮರಿಗಳು ಅದೇ ವರ್ಷ ಯುರೋಪಿಗೆ ಹಾರಿ ಅಲ್ಲಿ ತಾವೇ ಮರಿ ಮಾಡುವುದುಂಟು.

ಸಮುದ್ರ ದಾಟಿ ಬಳಲಿ ದಡಕ್ಕೆ ಬೀಳುವ ಹಕ್ಕಿಯನ್ನು ಕಾಯುತ್ತ ಮನುಷ್ಯ ಸಾವಿರಾರು ವರ್ಷಗಳಿಂದ ನಿಂತಿದ್ದಾನೆ. ಈಜಿಪ್ಟಿನ ಸಕ್ಕಾರಾದಲ್ಲಿ ಮೆರೆರುಕಾ ಎಂಬ ಅಧಿಕಾರಿಯ ಗೋರಿಯ ಗೋಡೆಯ ಮೇಲೆ ಹೊಲದಲ್ಲಿ ಬಲೆ ಬೀಸಿ ಲಾವಕ್ಕಿ ಹಿಡಿಯುವ ಚಿತ್ರವಿದೆ; ಅದು ನಾಲ್ಕು ಸಾವಿರ ವರ್ಷಕ್ಕೂ ಹಳೆಯದು. ಈಜಿಪ್ಟಿನವರ ಚಿತ್ರಲಿಪಿಯಲ್ಲಿ 'ವ' ಅಥವಾ 'ಉ' ಎಂಬ ಸದ್ದಿಗೆ ನಿಂತದ್ದು ಲಾವಕ್ಕಿ ಮರಿಯ ಚಿತ್ರ. ಬೈಬಲ್ಲಿನಲ್ಲಿ ಮರುಭೂಮಿಯಲ್ಲಿ ಹಸಿದ ಇಸ್ರೇಲರ ಪಾಳೆಯದ ಸುತ್ತ ಗಾಳಿ ಕಡಲ ಕಡೆಯಿಂದ ಲಾವಕ್ಕಿಗಳನ್ನು ತಂದು ಸುರಿಯುತ್ತದೆ, ಜನ ಬಾಚಿಕೊಂಡು ತಿನ್ನುತ್ತಾರೆ, ಬಾಯಲ್ಲಿ ಮಾಂಸವಿರುವಾಗಲೇ ರೋಗ ಬಡಿಯುತ್ತದೆ. ದೈವದ ಸಿಟ್ಟು ಎಂದು ಓದಿ ಮುಂದೆ ಹೋಗಬಹುದಾಗಿದ್ದ ಕಥೆ ಅದು. ಆದರೆ ವೈದ್ಯರು ಅಷ್ಟಕ್ಕೆ ಬಿಡುವಂತಿಲ್ಲ, ಏಕೆಂದರೆ ವಲಸೆ ಲಾವಕ್ಕಿ ತಿಂದು ಆಸ್ಪತ್ರೆ ಸೇರುವವರು ಗ್ರೀಸ್, ಅಲ್ಜೀರಿಯಾಗಳಲ್ಲಿ ಆಧುನಿಕ ಕಾಲದಲ್ಲೂ ಕಂಡಿದ್ದಾರೆ. ತಿಂದ ಕೆಲವು ಗಂಟೆಗಳಲ್ಲಿ ಸ್ನಾಯುಗಳು ಕಳಚಿಹೋಗುವಂಥ ನೋವು, ಮೂತ್ರ ಕಪ್ಪಾಗುವುದು, ಕೆಲವರಿಗೆ ಮೂತ್ರಪಿಂಡವೇ ಸೋಲುವುದು. ಹಕ್ಕಿ ದಾರಿಯಲ್ಲಿ ತಿಂದ ಹೆಮ್ಲಾಕ್‌ನಂಥ ವಿಷಗಿಡದ ಬೀಜ ಕಾರಣವಿರಬೇಕು ಎಂಬ ಅನುಮಾನ ರೋಮಿನ ಪ್ಲಿನಿಯಷ್ಟು ಹಳೆಯದು. ಆದರೆ ಒಂದೇ ಪಾತ್ರೆಯಿಂದ ಉಂಡವರಲ್ಲಿ ಕೆಲವರಿಗೆ ಮಾತ್ರ ಏಕೆ ಹೀಗಾಗುತ್ತದೆ ಎಂಬುದು ವಿಜ್ಞಾನಕ್ಕೆ ಇನ್ನೂ ಪೂರ್ತಿ ಬಿಡಿಸಲಾಗದ ಗಂಟು. ಹೋಟೆಲಿನ ತಟ್ಟೆಗೆ ಬರುವ ಫಾರಂ ಹಕ್ಕಿಗೆ ಈ ರೋಗದ ಭಯವಿಲ್ಲ, ಅದು ತಿನ್ನುವುದು ಚೀಲದ ಮೇವು.

ಇಟಲಿಯ ಕಾಪ್ರಿ ದ್ವೀಪದ ಬಿಷಪ್ಪನ ಆದಾಯ ಬಹುಪಾಲು ಲಾವಕ್ಕಿ ಬಲೆಯಿಂದಲೇ ಬರುತ್ತಿದ್ದುದರಿಂದ ಆತನಿಗೆ ಲಾವಕ್ಕಿಗಳ ಬಿಷಪ್ ಎಂಬ ಅಡ್ಡಹೆಸರೇ ಇತ್ತು. ಈಗ ಈಜಿಪ್ಟಿನ ಉತ್ತರ ದಂಡೆಯಲ್ಲಿ ಶರತ್ಕಾಲ ಬಂತೆಂದರೆ ನೂರಾರು ಕಿಲೋಮೀಟರು ಬಲೆ ಏಳುತ್ತದೆ. ಬಲೆಯ ಜೊತೆಗೆ ಸ್ಪೀಕರೂ ಇರುತ್ತದೆ: ಮುದ್ರಿಸಿಟ್ಟ ಕೂಗನ್ನು ರಾತ್ರಿಯೆಲ್ಲ ಹಾಕಿ ಆಕಾಶದಲ್ಲಿ ಹೋಗುವವನ್ನು ಕೆಳಗೆ ಕರೆಯುವುದು.

ಕೂಗಿ ಕರೆಯುವ ಈ ಉಪಾಯ ಹೊಸದಲ್ಲ. ಮಧ್ಯಯುಗದ ಯುರೋಪಿನ ಬೇಟೆಗಾರರು ಚರ್ಮದ ಪುಟ್ಟ ಚೀಲಕ್ಕೆ ಪೀಪಿ ಕಟ್ಟಿ, ಅದನ್ನು ಒತ್ತಿ ಹೆಣ್ಣಿನ ಮೆಲುದನಿ ಹೊರಡಿಸುತ್ತಿದ್ದರು. ಗಂಡು ಹುಲ್ಲಿನೊಳಗಿಂದ ಓಡಿಬಂದು ಬಲೆಗೆ ಬೀಳುತ್ತಿತ್ತು. ಉತ್ತರ ಭಾರತದಲ್ಲಿ ಬಲೆಗಾರರು ಕೂಗುವ ಗಂಡುಗಳನ್ನು ಪಂಜರದಲ್ಲಿಟ್ಟು ಉದ್ದ ಗಳಕ್ಕೆ ತೂಗುಹಾಕಿ ಹೊಲದ ನಡುವೆ ರಾತ್ರಿ ಬಿಡುತ್ತಿದ್ದರು. ಬೆಳಗಾದ ಮೇಲೆ ಬಲೆ ಹಾಕಿ ಮೆಲ್ಲಗೆ ಅಟ್ಟಿದರೆ ಸಾಕು. ಸಾವಿರಾರು ಮೈಲಿ ಆಚೆ, ಪಶ್ಚಿಮ ಕೀನ್ಯಾದ ರೈತರು ಬುಟ್ಟಿಯಲ್ಲಿ ಕೂಗುವ ಹಕ್ಕಿಯನ್ನಿಟ್ಟು ಕಂಬಕ್ಕೇರಿಸಿ ಹಾರ್ಲೆಕ್ವಿನ್ ಲಾವಕ್ಕಿಯನ್ನು ಹಿಡಿಯುವುದೂ ಇದೇ ರೀತಿ. ಇವರಿಂದ ಅವರು ಕಲಿತದ್ದೇನಲ್ಲ. ಹಕ್ಕಿ ಎಲ್ಲ ಕಡೆಯೂ ತನ್ನ ಗುಟ್ಟನ್ನು ತಾನೇ ಕೂಗಿ ಹೇಳುತ್ತಿರುವಾಗ ಕಲಿಸುವವರು ಬೇರೆ ಬೇಕಿಲ್ಲ.

ಹಾರ್ಲೆಕ್ವಿನ್ ಲಾವಕ್ಕಿಯ ಲ್ಯಾಟಿನ್ ಹೆಸರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕೊಟರ್ನಿಕ್ಸ್ ಡೆಲೆಗೋರ್ಗಿ ಎನ್ನುತ್ತಾರೆ. ಅದನ್ನು 1847ರಲ್ಲಿ ಪ್ರಕಟಿಸಿದವನ ಹೆಸರು ಅಡಲ್ಫ್ ಡೆಲೆಗೋರ್ಗ್! ತನ್ನ ಹೆಸರನ್ನು ತಾನೇ ಹಕ್ಕಿಗೆ ಇಟ್ಟುಕೊಂಡಂತೆ ಕಾಣುವ ಈ ಸಂಗತಿ ಜೀವವಿಜ್ಞಾನಿಗಳ ಸಭ್ಯತೆಗೆ ಒಗ್ಗುವಂಥದಲ್ಲ. ಆಫ್ರಿಕದ ಹುಲ್ಲುಗಾವಲಿನ ಈ ಹಕ್ಕಿ ಮಾತ್ರ ಕುಲದಲ್ಲೇ ಅಂದಗಾರ. ಗಂಡಿಗೆ ಕಪ್ಪು ಎದೆ, ಕೆಂಗಂದು ಹೊಟ್ಟೆ, ಕೊರಳಲ್ಲಿ ಕಪ್ಪು ಬಿಳುಪಿನ ಗೆರೆ. ಮಳೆ ಬಿದ್ದ ಕಡೆ ಹಿಂಡುಹಿಂಡಾಗಿ ಇಳಿಯುವ ಗುಣದಲ್ಲಿ ನಮ್ಮ ಮಳೆ ಲಾವಕ್ಕಿಯ ತಮ್ಮನೇ. ಐದರಲ್ಲಿ ಇನ್ನೊಂದು ಆಸ್ಟ್ರೇಲಿಯದ ಕೂಳೆ ಲಾವಕ್ಕಿ, ಕೊಟರ್ನಿಕ್ಸ್ ಪೆಕ್ಟೊರಾಲಿಸ್. ಕೊಯ್ದ ಗೋಧಿಯ ಕೂಳೆಯಲ್ಲಿ ಕಾಳು ಹೆಕ್ಕಿ ಬಾಳುವ ಅಲೆಮಾರಿ. ಹಸಿ ಎಲೆ ಸಿಕ್ಕರೆ ನೀರು ಕುಡಿಯದೆಯೂ ಬಹಳ ದಿನ ತಳ್ಳಬಲ್ಲದು.

ಅಳಿದದ್ದು ನ್ಯೂಜಿಲೆಂಡಿನದು. ಮಾವೊರಿಗಳು ಕೊರೆಕೆ ಎನ್ನುತ್ತಿದ್ದ ಈ ಹಕ್ಕಿ ಬಿಳಿಯರು ನೆಲೆಸುವ ಮುಂಚೆ ದಕ್ಷಿಣ ದ್ವೀಪದ ಹುಲ್ಲುಗಾವಲುಗಳಲ್ಲಿ ತುಂಬಿತ್ತು. ಅವರು ಬಂದ ಕೆಲವೇ ದಶಕಗಳಲ್ಲಿ, ಅಂದರೆ 1875ರ ಹೊತ್ತಿಗೆ ಮುಗಿದೇ ಹೋಯಿತು. ನಾಯಿ, ಬೆಕ್ಕು, ಇಲಿ, ಹುಲ್ಲಿಗಿಟ್ಟ ಬೆಂಕಿ ಎಲ್ಲವೂ ಕಾರಣ. ಶಿಕಾರಿಗೆಂದು ಹೊರಗಿನಿಂದ ತಂದ ಹಕ್ಕಿಗಳ ರೋಗವೂ ಇರಬಹುದು ಎನ್ನುತ್ತಾರೆ. ಆಕ್ಲೆಂಡಿನ ಹತ್ತಿರದ ಟಿರಿಟಿರಿ ಮಟಾಂಗಿ ದ್ವೀಪದಲ್ಲಿರುವ ಲಾವಕ್ಕಿಗಳು ಕೊರೆಕೆಯ ಉಳಿಕೆಯೇ ಇರಬಹುದೇ ಎಂದು ಕೆಲವರು ಆಸೆಪಟ್ಟರು. 2009ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆ ಆ ಆಸೆ ಮುಗಿಸಿತು: ಅವು ಆಸ್ಟ್ರೇಲಿಯದಿಂದ ತಂದು ಬಿಟ್ಟ ಕಂದು ಲಾವಕ್ಕಿಗಳು. ಅಟ್ಲಾಂಟಿಕ್‌ನ ಕ್ಯಾನರಿ, ಮಡೈರಾ, ಪೋರ್ಟೊ ಸ್ಯಾಂಟೊ, ಕೇಪ್ ವರ್ಡ್ ದ್ವೀಪಗಳಲ್ಲಿ ಸಿಕ್ಕ ಮೂಳೆಗಳ ಕಥೆ ಇನ್ನೂ ಹಿಂದಿನದು. ಸಮುದ್ರ ದಾಟುವಾಗ ದಾರಿ ತಪ್ಪಿ ಅಲ್ಲಿ ಇಳಿದ ಲಾವಕ್ಕಿಗಳ ಸಂತತಿ ಕಾಲ ಕಳೆದಂತೆ ರೆಕ್ಕೆಯ ಬಲ ಕಳೆದುಕೊಂಡು ದ್ವೀಪಕ್ಕೊಂದು ಪ್ರಭೇದವಾಯಿತು, ಮತ್ತೆ ಅಳಿಯಿತು. ಹಾರಾಟ ಬಿಡುವುದು ಈ ಕುಲಕ್ಕೆ ಅಷ್ಟು ಸುಲಭ. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬದುಕಿರುವ ಸಾಮಾನ್ಯ ಲಾವಕ್ಕಿಯಲ್ಲೇ ಇದರ ಸುಳಿವು ತೋರಿಸಿತು. ಐಬೀರಿಯದ ನೈಋತ್ಯ ಮೂಲೆ, ಮೊರಾಕೊಗಳ ಕೆಲವು ಹಕ್ಕಿಗಳಲ್ಲಿ ಒಂದು ವರ್ಣತಂತುವಿನ ದೊಡ್ಡ ಭಾಗ, ಇಡೀ ಜೀನ್‌ಸಂಕುಲದ ಸುಮಾರು 12%ನಷ್ಟು, ತಲೆಕೆಳಗಾಗಿ ಕೂತಿದೆ. ಅಂಥವು ದಪ್ಪ, ಗಂಟಲು ಕಪ್ಪು, ರೆಕ್ಕೆ ದುಂಡು, ದೂರ ವಲಸೆ ಹೋಗುವಂತೆ ಕಾಣುವುದಿಲ್ಲ.

ನಮ್ಮ ದೇಶದಲ್ಲಿ ಲಾವಕ್ಕಿಯ ದಾಖಲೆ ಬಲೆಗಿಂತ ಮೊದಲು ಮಂತ್ರದಲ್ಲಿ ಸಿಗುತ್ತದೆ. ಋಗ್ವೇದದಲ್ಲಿ ಅಶ್ವಿನೀದೇವತೆಗಳ ಸಾಹಸಗಳನ್ನು ಎಣಿಸುವಾಗ, ತೋಳದ ಬಾಯಿಂದ ವರ್ತಿಕೆಯನ್ನು, ಅಂದರೆ ಲಾವಕ್ಕಿಯನ್ನು, ಬಿಡಿಸಿದ್ದು ಮತ್ತೆ ಮತ್ತೆ ಬರುತ್ತದೆ. ಜಾತಕ ಕಥೆಗಳಲ್ಲಿ ಬಲೆಯನ್ನೇ ಎತ್ತಿಕೊಂಡು ಒಟ್ಟಾಗಿ ಹಾರಿ, ಜಗಳವಾಡಿದ ದಿನ ಸಿಕ್ಕಿಬೀಳುವವೂ ಲಾವಕ್ಕಿಗಳೇ. ಚರಕಸಂಹಿತೆ ಇದರ ಮಾಂಸವನ್ನು ಪಥ್ಯಕ್ಕೆ ಹೇಳುತ್ತದೆ. ಆದರೆ ಕನ್ನಡ ನಾಡಿಗೆ ಇದು ಬಂದು ಮುಟ್ಟುವುದು ಜಗಳದ ಮೂಲಕ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ, 12ನೇ ಶತಮಾನದ ಆ ಮಹಾಕೋಶ, ರಾಜನ ವಿನೋದಗಳಲ್ಲಿ ಕೋಳಿ ಅಂಕ, ಟಗರಿನ ಕಾಳಗಗಳ ಜೊತೆಗೇ ಲಾವಕ ವಿನೋದಕ್ಕೂ ಒಂದು ಅಧ್ಯಾಯ ಇಟ್ಟಿದೆ. ಎಪ್ಪತ್ತು ನೂರು ಗ್ರಾಮಿನ ಹಕ್ಕಿಯ ಕಾಳಗ ನೋಡಲು ಒಂದು ಸಾಮ್ರಾಜ್ಯದ ದೊರೆ ಬಗ್ಗಿ ಕೂತದ್ದನ್ನು ನೆನೆದರೆ ನಗು ಬರುತ್ತದೆ. ಆದರೆ ಆ ಸಾಲಿನಲ್ಲಿ ಅವನೊಬ್ಬನೇ ಇಲ್ಲ. ಅಥೆನ್ಸಿನ ರಾಜಕಾರಣಿ ಆಲ್ಸಿಬಿಯಾಡಿಸ್ ಸಭೆಗೆ ಬರುವಾಗಲೂ ಮೇಲುವಸ್ತ್ರದೊಳಗೆ ಲಾವಕ್ಕಿ ಇಟ್ಟುಕೊಂಡಿದ್ದ, ಜನರ ಚಪ್ಪಾಳೆಗೆ ಅದು ಹಾರಿಹೋಯಿತು ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಲಖನೌ ನವಾಬರ ಕಾಲದ ಬಟೇರ್ (ಲಾವಕ್ಕಿ) ಕಾಳಗದ ವೈಭವವನ್ನು ಅಬ್ದುಲ್ ಹಲೀಮ್ ಶರರ್ ಉರ್ದುವಿನಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಅಫ್ಘಾನಿಸ್ತಾನದಲ್ಲಿ ಈ ಚಟ ಇನ್ನೂ ಹೋಗಿಲ್ಲ.

ಜಪಾನಿನವರು ಮಾತ್ರ ಬೇರೆ ದಾರಿ ಹಿಡಿದರು. ಅವರಿಗೆ ಬೇಕಾದದ್ದು ಈ ಹಕ್ಕಿಯ ಜಗಳವಲ್ಲ, ಕೂಗು. ಅಲ್ಲಿನ ಕೊಟರ್ನಿಕ್ಸ್ ಜಪೋನಿಕಾ ನೋಟದಲ್ಲಿ ಸಾಮಾನ್ಯ ಲಾವಕ್ಕಿಯ ಪ್ರತಿರೂಪ; ಬಹಳ ಕಾಲ ಅದರ ಉಪಪ್ರಭೇದವೆಂದೇ ಲೆಕ್ಕ. ಬಾಯಿ ಬಿಟ್ಟರೆ ಮಾತ್ರ ಗೊತ್ತು. ಸಾಮಾನ್ಯ ಲಾವಕ್ಕಿಯದು ಹನಿ ತೊಟ್ಟಿಕ್ಕಿದಂಥ ಮೂರು ಸ್ಪಷ್ಟ ಸ್ವರ, ಜಪಾನಿನದು ಒರಟಾದ ಎಳೆದ ಕೂಗು. ಎಡೊ ಕಾಲದ ಸಮುರಾಯಿಗಳು, ಸಿರಿವಂತರು ಚಿನ್ನದ ಕೆಲಸವಿದ್ದ ಪಂಜರಗಳಲ್ಲಿ ಇವನ್ನು ಸಾಕಿ ಕೂಗಿನ ಸ್ಪರ್ಧೆ ನಡೆಸುತ್ತಿದ್ದರು. ಒಳ್ಳೆಯ ಕೂಗಿಗಾಗಿ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ತಳಿಗಳಿದ್ದವು. ಇಪ್ಪತ್ತನೇ ಶತಮಾನ ಬಂದಾಗ ಅವರ ಗಮನ ಕೊರಳಿನಿಂದ ಮೊಟ್ಟೆಯ ಕಡೆ ಹೊರಳಿತು. ಎರಡನೇ ಮಹಾಯುದ್ಧದಲ್ಲಿ ಕೂಗಿನ ತಳಿಗಳು ನಾಶವಾದವು. ಉಳಿದ ಕೆಲವೇ ಹಕ್ಕಿಗಳಿಂದ ಮೊಟ್ಟೆಯ ಉದ್ಯಮ ಮತ್ತೆ ಎದ್ದಿತು. ಇವತ್ತು ಆಯ್ಚಿ ಪ್ರಾಂತ್ಯದ ಟೊಯೊಹಾಶಿ ಲಾವಕ್ಕಿ ಮೊಟ್ಟೆಗೆ ಹೆಸರಾದ ಊರು. ಜಗತ್ತಿನ ಫಾರಂಗಳಲ್ಲಿರುವ ಕ್ವೇಲ್ ಬಹುತೇಕ ಈ ಪ್ರಭೇದದ್ದೇ. ಜಪಾನಿನ ಕಾಡಿನಲ್ಲಿ ಮಾತ್ರ ಸಂಖ್ಯೆ ಎಷ್ಟು ಕುಸಿಯಿತೆಂದರೆ 2013ರಲ್ಲಿ ಸರ್ಕಾರ ಬೇಟೆಯಾಡಬಹುದಾದ ಹಕ್ಕಿಗಳ ಪಟ್ಟಿಯಿಂದ ಇದನ್ನು ತೆಗೆಯಬೇಕಾಯಿತು. ಪಂಜರದಲ್ಲಿ ಕೋಟಿಗಟ್ಟಲೆ, ಹುಲ್ಲಿನಲ್ಲಿ ಹುಡುಕಬೇಕು.

ಫಾರಂ ಹಕ್ಕಿಯ ಲೆಕ್ಕಾಚಾರ ಯಾವ ಸಾಕಣೆದಾರನನ್ನೂ ಮರುಳುಮಾಡುವಂಥದು. 17 ದಿನಕ್ಕೆ ಮರಿ, ಆರು ವಾರಕ್ಕೆ ಮೊಟ್ಟೆ, ಮೊಟ್ಟೆಗೆ 10 ಗ್ರಾಂ, ವರ್ಷಕ್ಕೆ 250ಕ್ಕೂ ಹೆಚ್ಚು. ಈ ವೇಗವೇ ವಿಜ್ಞಾನಿಗಳನ್ನೂ ಎಳೆಯಿತು. 1990ರ ಮಾರ್ಚ್ 22ರಂದು ಮಿರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಮೊಟ್ಟೆಯೊಡೆದು ಹೊರಬಂದದ್ದು ಜಪಾನ್ ಲಾವಕ್ಕಿ ಮರಿ. ಪಾಪ, ಕಾಲೂರಲು ನೆಲವೇ ಇಲ್ಲದೆ ತೇಲುತ್ತ ಮೇವಿಗೆ ಬಾಯಿ ಹಾಕಲೂ ಅದಕ್ಕೆ ಆಗಲಿಲ್ಲ.

ಇದಕ್ಕಿಂತ ದೊಡ್ಡ ಕೆಲಸ ಫ್ರಾನ್ಸಿನಲ್ಲಿ ಆಯಿತು. ನಿಕೋಲ್ ಲೆ ಡುವಾರಿನ್ ಎಂಬ ಭ್ರೂಣವಿಜ್ಞಾನಿ 1969ರ ಹೊತ್ತಿಗೆ ಒಂದು ಸಣ್ಣ ಸಂಗತಿ ಗಮನಿಸಿದರು. ಜಪಾನ್ ಲಾವಕ್ಕಿಯ ಪ್ರತಿ ಜೀವಕೋಶದ ಕೇಂದ್ರದಲ್ಲೂ ಬಣ್ಣ ಹಚ್ಚಿದಾಗ ಎದ್ದು ಕಾಣುವ ಒಂದು ಗಟ್ಟಿ ಚುಕ್ಕೆ ಇದೆ. ಕೋಳಿಯ ಕೋಶದಲ್ಲಿ ಅದಿಲ್ಲ. ಹಾಗಾದರೆ ಕೋಳಿಯ ಮೊಟ್ಟೆಯೊಳಗಿನ ಭ್ರೂಣಕ್ಕೆ ಲಾವಕ್ಕಿ ಭ್ರೂಣದ ತುಣುಕನ್ನು ಕಸಿ ಮಾಡಿದರೆ, ಆ ಕೋಶಗಳು ಬೆಳೆಯುತ್ತ ಎಲ್ಲೆಲ್ಲಿ ಹೋಗುತ್ತವೆ ಎಂದು ಹೆಜ್ಜೆ ಹೆಜ್ಜೆಗೂ ನೋಡಬಹುದಲ್ಲ! ಬೆನ್ನುಹುರಿಯ ಅಂಚಿನಿಂದ ಹೊರಟ ಕೋಶಗಳು ಮುಖದ ಮೂಳೆ, ನರಗಂಟುಗಳು, ಚರ್ಮದ ಬಣ್ಣದ ಕೋಶಗಳವರೆಗೆ ಪಯಣಿಸುವುದನ್ನು ಜಗತ್ತು ವಿವರವಾಗಿ ಕಂಡದ್ದು ಹೀಗೆ. ಮುಂದೆ ಇವಾನ್ ಬಾಲಬಾನ್ ಎಂಬ ಸಂಶೋಧಕರು ಇದೇ ತಂತ್ರವನ್ನು ಮಿದುಳಿಗೆ ಒಯ್ದರು. ಲಾವಕ್ಕಿಯ ಭ್ರೂಣಮಿದುಳಿನ ಭಾಗ ಪಡೆದ ಕೋಳಿಮರಿ ಹುಟ್ಟಿ, ಟೆಸ್ಟೊಸ್ಟೆರಾನ್ ಕೊಟ್ಟಾಗ ಕೂಗಿದ್ದು ಕೋಳಿಯಂತಲ್ಲ, ಲಾವಕ್ಕಿಯಂತೆ. 1997ರ ಅವರ ಪ್ರಬಂಧದ ಪ್ರಕಾರ ಮಿದುಳಿನ ಒಂದು ತಾಣ ಬದಲಿಸಿದರೆ ಕೂಗಿನ ಲಯ ಬದಲಾಗುತ್ತದೆ, ಇನ್ನೊಂದು ತಾಣ ಬದಲಿಸಿದರೆ ಕೂಗುವಾಗ ತಲೆ ಆಡಿಸುವ ರೀತಿ ಬದಲಾಗುತ್ತದೆ. ಕೋಗಿಲೆ, ಮಡಿವಾಳ ಹಕ್ಕಿಗಳ ಇಂಪಿಗೆ ಮರುಳಾದ ನಾವು ಲಾವಕ್ಕಿಯ ಎರಡು-ಮೂರು ಸ್ವರವನ್ನು ಹಾಡೆಂದು ಎಣಿಸುವುದಿಲ್ಲ. ಆದರೆ ಯಾರೂ ಕಲಿಸದೆ ಬರುವ, ಹುಟ್ಟಿನಲ್ಲೇ ಮಿದುಳಿನಲ್ಲಿ ಬರೆದಿರುವ ದನಿ ಎಂಬುದಕ್ಕೆ ಇಷ್ಟು ನೇರ ಸಾಕ್ಷಿ ಬೇರೆ ಹಕ್ಕಿ ಕೊಟ್ಟದ್ದು ಕಡಿಮೆ.

ದನಿ ಮೊಟ್ಟೆಯೊಳಗೇ ಶುರುವಾಗುತ್ತದೆ ಎನ್ನುವುದೂ ಉಂಟು. 1960ರ ದಶಕದಲ್ಲಿ ಕೇಂಬ್ರಿಜ್‌ನ ಸಂಶೋಧಕಿ ಮಾರ್ಗರೆಟ್ ವಿನ್ಸ್ ತೋರಿಸಿದಂತೆ, ಒಡೆಯುವ ಮುಂಚೆ ಲಾವಕ್ಕಿ ಮರಿಗಳು ಚಿಪ್ಪಿನೊಳಗೆ ಕ್ಲಿಕ್-ಕ್ಲಿಕ್ ಸದ್ದು ಮಾಡುತ್ತವೆ. ಒಂದಕ್ಕೊಂದು ತಾಗಿಕೊಂಡ ಮೊಟ್ಟೆಗಳಲ್ಲಿ ಹಿಂದುಳಿದವು ಆ ಸದ್ದಿಗೆ ಬೆಳವಣಿಗೆಯ ವೇಗ ಹೆಚ್ಚಿಸಿಕೊಳ್ಳುತ್ತವೆ. ದಿನಕ್ಕೊಂದರಂತೆ ಇಟ್ಟ ಮೊಟ್ಟೆಗಳು ಒಂದೇ ಹೊತ್ತಿಗೆ ಒಡೆಯುವುದರಲ್ಲಿ ಇದರ ಪಾಲೂ ಇದೆ. ನೆಲದ ಮೇಲಿನ ಗೂಡನ್ನು ಬೇಗ ಬಿಟ್ಟು ಹೋಗಬೇಕಾದ ಮರಿಗಳಿಗೆ ಇದು ಉಳಿವಿನ ಪ್ರಶ್ನೆ.

ಭಾರತಕ್ಕೆ ಜಪಾನ್ ಲಾವಕ್ಕಿ ಬಂದದ್ದು 1974ರಲ್ಲಿ, ಉತ್ತರ ಪ್ರದೇಶದ ಇಜತ್‌ನಗರಕ್ಕೆ, ಅಮೆರಿಕದ ಕ್ಯಾಲಿಫೋರ್ನಿಯಾದಿಂದ. ಅಲ್ಲಿನ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ನಮ್ಮ ಹವೆಗೆ ಒಗ್ಗುವ ತಳಿಗಳನ್ನು ಬೆಳೆಸಿತು. ತಮಿಳುನಾಡಿನ ನಾಮಕ್ಕಲ್ ತನ್ನದೇ ತಳಿ ತಂದಿತು. ಸಣ್ಣ ಜಾಗ ಸಾಕು, ಬೇಗ ದುಡ್ಡು ಕಾಣುತ್ತದೆ ಎಂದು ಸಾಕಣೆ ಹರಡಿತು. ಇಂಥ ಮಾತಿಗೆ ಕೀನ್ಯಾ 2013-14ರಲ್ಲಿ ಬೆಲೆ ತೆತ್ತಿದೆ. ಲಾವಕ್ಕಿ ಮೊಟ್ಟೆಗೆ ಸಕಲ ರೋಗ ಹರ ಎಂಬ ಹೆಸರು ಬಂದು, ಕಂಡಕಂಡವರೆಲ್ಲ ಸಾಲ ಮಾಡಿ ಸಾಕಿ, ಎಲ್ಲರ ಮನೆಯಲ್ಲೂ ಮೊಟ್ಟೆ ತುಂಬಿದ ದಿನ ಕೊಳ್ಳುವವರೇ ಇಲ್ಲವಾದರು. ಹೀಗೆಯೇ ಕುಸಿದ ಎಮು ಸಾಕಣೆಯ ಕಥೆ ಕಂಡಿರುವ ನಮಗೆ ಇದು ಹೊಸದಲ್ಲ. ಮೊಟ್ಟೆಯ ಔಷಧಗುಣದ ಬಗ್ಗೆ ನಮ್ಮಲ್ಲೂ ವಾಟ್ಸಾಪಿನಲ್ಲಿ ಓಡಾಡುವ ಮಾತುಗಳನ್ನು ನಾನು ನಂಬುವುದಿಲ್ಲ. ಅದು ಒಳ್ಳೆಯ ಪೌಷ್ಟಿಕ ಮೊಟ್ಟೆ, ಅಷ್ಟೇ.

ತೊಡಕು ಇರುವುದು ಬೇರೆ ಕಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಲಾವಕ್ಕಿಗಳು ಸೇರಿವೆ, ಕಾಡಿನವನ್ನು ಹಿಡಿಯುವುದು ಮಾರುವುದು ಎರಡೂ ಅಪರಾಧ. ಜಪಾನ್ ಲಾವಕ್ಕಿಯೂ ಆ ಹೆಸರಿನೊಳಗೇ ಬರುತ್ತದೆಂದು 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊಸ ಫಾರಂಗಳಿಗೆ ಪರವಾನಗಿ ಕೊಡಬಾರದೆಂದಿತು. ಸಾಕಣೆದಾರರು ಗದ್ದಲವೆಬ್ಬಿಸಿದರು, ಕೆಲವೇ ವರ್ಷಗಳಲ್ಲಿ ನಿರ್ಬಂಧ ಸಡಿಲವಾಯಿತು. ತಲೆಮಾರುಗಟ್ಟಲೆ ಪಂಜರದಲ್ಲೇ ಕಳೆದ ಹಕ್ಕಿಯನ್ನು ವನ್ಯಜೀವಿ ಎನ್ನುವುದು ವಿಚಿತ್ರವೇ. ಆದರೆ ಆ ಸಡಿಲಿಕೆಯ ನೆರಳಿನಲ್ಲಿ ಹೊಲದಲ್ಲಿ ಬಲೆ ಹಾಕಿ ಹಿಡಿದ ಮಳೆ ಲಾವಕ್ಕಿಯನ್ನು 'ಫಾರಂದು ಸ್ವಾಮಿ' ಎಂದು ಮಾರುವ ಅವಕಾಶವೂ ತೆರೆದುಕೊಂಡಿತು.

ಯುರೋಪಿನ ಕಷ್ಟ ಇದರ ಮಗ್ಗುಲಿನದು. ಸ್ಪೇನ್, ಇಟಲಿ, ಫ್ರಾನ್ಸ್‌ಗಳಲ್ಲಿ ಬೇಟೆಯ ಋತುವಿಗೆಂದು ಫಾರಂ ಹಕ್ಕಿಗಳನ್ನು ಹೊಲಕ್ಕೆ ಬಿಟ್ಟರು. ಅವು ಕಾಡಿನ ಸಾಮಾನ್ಯ ಲಾವಕ್ಕಿಯ ಜೊತೆ ಕೂಡಿದವು. ಕ್ಯಾಟಲೋನಿಯದ ಹೊಲಗಳಲ್ಲಿ ಹುಟ್ಟಿದ ಮಿಶ್ರ ಗಂಡುಗಳ ಕೂಗು ಅದೂ ಅಲ್ಲದ ಇದೂ ಅಲ್ಲದ ರೀತಿಯದು. ಸಂಶೋಧಕರು ಅವನ್ನು ಮೊದಲು ಗುರುತಿಸಲು ಕಿವಿಯೇ ಒಂದು ದಾರಿಯಾಯಿತು. ಪಂಜರದ ರಕ್ತ ಬೆರೆತರೆ ಸಮುದ್ರ ದಾಟುವ ತವಕ ಕುಂದೀತು ಎಂಬುದು ಅವರ ಆತಂಕ.

ನಮ್ಮಲ್ಲಿ ಕೈಗೆ ಸಿಕ್ಕ ಹಕ್ಕಿ ಸತ್ತಿರುತ್ತದೆ, ಇಲ್ಲವೇ ಹೆದರಿ ಸುಮ್ಮನಿರುತ್ತದೆ; ಕೂಗು ಉಪಯೋಗಕ್ಕೆ ಬಾರದು. ಆಗ ನೋಡಬೇಕಾದದ್ದು ಮೇಲೆ ಹೇಳಿದ ರೆಕ್ಕೆಯ ಗರಿ. ಜಪಾನ್ ಲಾವಕ್ಕಿಗೂ ಸಾಮಾನ್ಯ ಲಾವಕ್ಕಿಯಂತೆ ಉದ್ದ ಗರಿಗಳ ಮೇಲೆ ಅಡ್ಡಪಟ್ಟೆ ಇರುತ್ತದೆ, ಮಳೆ ಲಾವಕ್ಕಿಗಿಲ್ಲ. ಗಂಡಾದರೆ ಎದೆಯ ಕಪ್ಪು ಮಚ್ಚೆಯೇ ಸಾಕು. ತೂಕವೂ ಹೇಳುತ್ತದೆ: ಫಾರಂನದು 150 ಗ್ರಾಂ ದಾಟುವುದೇ ಹೆಚ್ಚು, ಹೊಲದ್ದು ಅದರ ಅರ್ಧ. ಗರಿ ಕಿತ್ತು ಮಸಾಲೆ ಹಚ್ಚಿದ ಮೇಲೆ ಇಷ್ಟೂ ಸಾಕ್ಷಿ ಹೋಗಿ, ಉಳಿಯುವುದು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಂಥ ಕಡೆ ಮಾಡಿಸುವ ಡಿಎನ್‌ಎ ಪರೀಕ್ಷೆ ಮಾತ್ರ. ಹಾಗಾಗಿ ಸಂತೆಯಲ್ಲಿ ಬುಟ್ಟಿಯೊಳಗೆ ಕಾಲು ಕಟ್ಟಿದ ಲಾವಕ್ಕಿ ಕಂಡು ಅನುಮಾನ ಬಂದರೆ, ಹಕ್ಕಿ ಇನ್ನೂ ಗರಿ ಸಮೇತ ಇರುವಾಗಲೇ ವಲಯ ಅರಣ್ಯಾಧಿಕಾರಿಗೆ ತಿಳಿಸಬೇಕು.